ಸೌದಿಯಿಂದ ಬಂದವರ ಮನೆಗೆ ಮೊದಲು ಹೋಗುವುದು ರಶೀದಿ ಪುಸ್ತಕ

ನಮ್ಮ ಕರಾವಳಿಯ ಊರುಗಳಲ್ಲಿ ಒಂದು ಪದ್ಧತಿ ಇದೆ. ಗಲ್ಫ್‌ನಿಂದ ರಜೆಗೆ ಬಂದವರ ಸೂಟ್‌ಕೇಸ್ ಇನ್ನೂ ಬಿಚ್ಚಿರುವುದಿಲ್ಲ, ಅಷ್ಟರಲ್ಲಿ ಜಗಲಿಯ ಮೇಲೆ ನಾಲ್ಕೈದು ಜನ ಕೂತಿರುತ್ತಾರೆ. ಕೈಯಲ್ಲಿ ರಶೀದಿ ಪುಸ್ತಕ. ಜೀರ್ಣೋದ್ಧಾರ, ಮಸೀದಿಯ ಹೊಸ ಮಹಡಿ, ಚರ್ಚ್ ಹಾಲ್, ಕಬಡ್ಡಿ ಪಂದ್ಯಾಟ, ಯಾವುದೂ ಆಗಬಹುದು. ಜಾತಿ ಧರ್ಮದ ಭೇದವಿಲ್ಲದ ವಿಷಯ ನಮ್ಮೂರಲ್ಲಿ ಇದೊಂದೇ ಇರಬೇಕು. "ನಿಮ್ಮ ಹೆಸರಿಗೆ ಐವತ್ತು ಸಾವಿರ ಬರೆದಿದ್ದೇವೆ" ಎನ್ನುತ್ತಾರೆ. ಕೇಳುವುದಿಲ್ಲ, ಹೇಳುತ್ತಾರೆ.

ಈ ಪದ್ಧತಿ ನಿಲ್ಲಬೇಕು ಎನ್ನುವುದಕ್ಕೆ ಈ ಬರಹ. ಬೈಯುವವರು ಪೂರ್ತಿ ಓದಿ ಬೈಯಿರಿ.

ನನ್ನ ಅಕ್ಕ ಭಾವ ಸೌದಿಯ ದಮ್ಮಾಮ್‌ನಲ್ಲಿದ್ದರು. ಅಕ್ಕ 2012ರಲ್ಲಿ ಫ್ಯಾಮಿಲಿ ವೀಸಾದಲ್ಲಿ ಹೋದವಳು. ಇಬ್ಬರು ಮಕ್ಕಳು. ಅಲ್ಲಿನ ಒಂದು ದಿನ ಹೇಗಿತ್ತು ಕೇಳಿ. ಬೆಳಗ್ಗೆ ಐದಕ್ಕೆ ಭಾವ ಕಂಪನಿ ಬಸ್ಸು ಹತ್ತಬೇಕು, ಆರಕ್ಕೆ ಮಕ್ಕಳ ಶಾಲಾ ವ್ಯಾನು. ಆಮೇಲೆ ಎರಡು ಕೋಣೆಯ ಫ್ಲಾಟ್‌ನಲ್ಲಿ ಅಕ್ಕ ಒಬ್ಬಳೇ. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ದಾಟುತ್ತದೆ. ಕಿಟಕಿ ತೆರೆದರೆ ಧೂಳು. ಅವಳು ಬಿ.ಎಡ್. ಮಾಡಿದವಳು, ಆದರೆ ಅಲ್ಲಿ ಹೊರಗೆ ದುಡಿಯುತ್ತಿರಲಿಲ್ಲ. ಹೆಂಗಸರು ಕಾರು ಓಡಿಸುವ ಅವಕಾಶ ಆ ದೇಶದಲ್ಲಿ ಜಾರಿಗೆ ಬಂದದ್ದೇ 2018ರ ಜೂನ್‌ನಲ್ಲಿ. ಊರಿಂದ ಒಯ್ದ ಕುಚ್ಚಲಕ್ಕಿ, ಒಣಮೀನು ಮುಗಿಯುವ ತನಕ ಊರಿನ ಊಟ, ಆಮೇಲೆ ಖುಬೂಸ್. ಪೇಂಟ್ ಡಬ್ಬಿಯಲ್ಲಿ ಒಂದು ಕರಿಬೇವಿನ ಗಿಡ ಸಾಕಿದ್ದಳು, ಅದಕ್ಕೂ ಏಸಿಯ ನೀರು. ಶುಕ್ರವಾರ ಸಂಜೆ ಸಮುದ್ರದ ದಂಡೆಗೆ ಹೋಗಿ ಕೂತು ಬರುವುದು, ಅದೇ ವಾರದ ಜಾತ್ರೆ. ನೀವು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ನೋಡಿದ್ದು ಆ ಶುಕ್ರವಾರದ ಫೋಟೋ ಮಾತ್ರ. ಉಳಿದ ಆರು ದಿನದ ಫೋಟೋ ಯಾರೂ ಹಾಕುವುದಿಲ್ಲ.

ಈಗ ದುಡ್ಡಿನ ಲೆಕ್ಕ. 2017ರ ಜುಲೈಯಲ್ಲಿ ಸೌದಿ ಸರ್ಕಾರ ವಿದೇಶಿ ನೌಕರರ ಹೆಂಡತಿ ಮಕ್ಕಳ ಮೇಲೆ ಲೆವಿ ಹಾಕಿತು. ತಲೆಗೆ ತಿಂಗಳಿಗೆ 100 ರಿಯಾಲ್. ಮರುವರ್ಷ 200, 2019ರ ಜುಲೈಗೆ 300, 2020ಕ್ಕೆ 400. ಇಕಾಮಾ ನವೀಕರಿಸುವಾಗ ಮುಂಗಡವಾಗಿ ಕಟ್ಟಬೇಕು. ನಡುವೆ 2018ರ ಜನವರಿಯಿಂದ ಶೇ 5ರ ವ್ಯಾಟ್ ಬೇರೆ. ಭಾವನ ಸಂಬಳ 4,500 ರಿಯಾಲ್. ಬಾಡಿಗೆ 1,500. ಮಕ್ಕಳ ಫೀಸು 600, ವ್ಯಾನಿಗೆ 400. 300ರ ಲೆಕ್ಕದಲ್ಲಿ ಮೂವರಿಗೆ ಲೆವಿ 900, ಅಂದರೆ ಸಂಬಳದ ಐದನೇ ಒಂದು ಪಾಲು. ಉಳಿಯುವುದು 1,100. ಅಕ್ಕಿ, ತರಕಾರಿ, ಮದ್ದು, ಫೋನು, ಅಪ್ಪ ಅಮ್ಮನಿಗೆ ಕಳಿಸುವುದು ಎಲ್ಲ ಅದರಲ್ಲೇ ಆಗಬೇಕು.

ಅಂಥ ಮನುಷ್ಯ 2017ರಲ್ಲಿ ರಜೆಗೆ ಬಂದಾಗ ಊರಿನವರು ಐವತ್ತು ಸಾವಿರ ಬರೆದರು. ಚೌಕಾಸಿ ಮಾಡಿ 25 ಸಾವಿರ ಕೊಟ್ಟ. ಅದು ಗೆಳೆಯನಿಂದ ತಂದ ಕೈಸಾಲ ಎಂದು ಅಕ್ಕ ನನಗೆ ಹೇಳಿದ್ದು ಎರಡು ವರ್ಷದ ನಂತರ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆ ಸನ್ಮಾನದ ಸುದ್ದಿ ಬರೆದವನು ನಾನೇ. "ಕೊಡುಗೈ ದಾನಿ" ಎಂದು ಹೆಡ್ಡಿಂಗ್ ಕೊಟ್ಟು ಶಾಲು, ಹಾರದ ಫೋಟೋ ಕಳಿಸಿದ್ದೆ. ಇಂಥ ಸುದ್ದಿ ನಾನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಒಂದು ಸಲವೂ "ಈ ದುಡ್ಡು ಎಲ್ಲಿಂದ ಬಂತು" ಎಂದು ಕೇಳಲಿಲ್ಲ. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಕಲಿಸುವ ಮೊದಲ ಪ್ರಶ್ನೆಯೇ ಅದು.

2019ರ ಜೂನ್‌ನಲ್ಲಿ, ಲೆವಿ 300 ಆಗುವ ಮೊದಲು, ಅಕ್ಕ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಳು. ಭಾವ ಫ್ಲಾಟ್ ಬಿಟ್ಟು ಆರು ಜನರ ರೂಮಿಗೆ ಹೋದ. ಆಗ ಜಗಲಿಗೆ ಯಾರೂ ಬರಲಿಲ್ಲ. ಬದಲಿಗೆ "ಅಷ್ಟು ವರ್ಷ ಇದ್ದು ಏನು ಮಾಡಿದ್ರಂತೆ?" ಎಂಬ ಮಾತು ಕೇಳಿಬಂತು. ಅಕ್ಕನ ಮಗಳು ಏಳನೇ ಕ್ಲಾಸು. ಅಲ್ಲಿನ ಅವಳ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಿದ್ದಳು, ಒತ್ತಕ್ಷರ ಬಂದರೆ ತಡವರಿಸುತ್ತಿದ್ದಳು. ಕ್ಲಾಸಿನಲ್ಲಿ "ಸೌದಿ ಹುಡುಗಿ" ಎಂದು ನಕ್ಕರು. ಅಲ್ಲಿ ಅವಳು ಇಂಡಿಯಾದವಳು, ಇಲ್ಲಿ ಸೌದಿಯವಳು.

"ಅವರೇ ತೋರಿಸಿಕೊಳ್ಳುತ್ತಾರಲ್ಲ ಮಾರಾಯ್ರೇ" ಎನ್ನುತ್ತೀರಿ. ನಿಜ. ಸೆಂಟು, ಚಾಕಲೇಟು, ಯಾರದೋ ಕಾರಿನ ಪಕ್ಕ ನಿಂತ ಫೋಟೋ, ಎಲ್ಲ ಇದೆ. ಸಾಲ ಮಾಡಿ ಉಡುಗೊರೆ ತರುವವರಿಗೆ ನಾನು ಹೇಳುವುದು: ದಯವಿಟ್ಟು ಸಂಬಳದ ನಿಜ ಹೇಳಿ. ಆದರೆ ಬರಿಗೈಲಿ ಬಂದವನನ್ನು ಈ ಊರು ಹೇಗೆ ನೋಡುತ್ತದೆ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. "ಅವರ ದುಡ್ಡಿಲ್ಲದಿದ್ದರೆ ಶಾಲೆಗೆ ರಂಗಮಂದಿರ ಎಲ್ಲಿಂದ?" ಎನ್ನುವವರೂ ಇದ್ದಾರೆ. ಸರ್ಕಾರಿ ಶಾಲೆಯ ಕಟ್ಟಡ ಸರ್ಕಾರದ ಕೆಲಸ. ಶಾಸಕರ ಬಳಿ ಕೇಳಲು ನಮಗೆ ಸಂಕೋಚ, ಗಲ್ಫ್‌ನವನ ಬಳಿ ಕೇಳಲು ಸಂಕೋಚವಿಲ್ಲ.

ಶಾಸಕರಿಗಾದರೂ ಈ ಕುಟುಂಬಗಳ ಚಿಂತೆ ಏಕೆ? 2011ರಿಂದ ಅನಿವಾಸಿಗಳು ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು, ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಊರಿನ ಬೂತಿಗೇ ಬರಬೇಕು. ಎಷ್ಟು ಜನ ಬರುತ್ತಾರೆ? ಪಕ್ಕದ ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಎಂಬ ಇಲಾಖೆ ಮಾಡಿತು. 1998ರಿಂದ ಅಲ್ಲಿ ವಲಸೆ ಸಮೀಕ್ಷೆ ನಡೆಯುತ್ತಿದೆ. ಹೋದವರೆಷ್ಟು, ಮರಳಿದವರೆಷ್ಟು ಎಂಬ ಅಂದಾಜು ಅವರಲ್ಲಿದೆ. ಮರಳಿದವರಿಗೆ ಸ್ವಂತ ಉದ್ಯೋಗಕ್ಕೆ ಸಾಲದ ಯೋಜನೆಯೂ ಇದೆ. ನಮ್ಮ ಪಂಚಾಯಿತಿಗೆ ಹೋಗಿ "ನಮ್ಮ ಗ್ರಾಮದಿಂದ ಎಷ್ಟು ಜನ ಹೊರದೇಶದಲ್ಲಿದ್ದಾರೆ?" ಎಂದು ನಾನು ಕೇಳಿದೆ. ಲೆಕ್ಕ ಇರಲಿಲ್ಲ. ಎಷ್ಟು ತೆಂಗಿನಮರ ಇದೆ ಎನ್ನುವುದಕ್ಕೆ ಲೆಕ್ಕ ಸಿಕ್ಕೀತು.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ಎರಡು ವಿಷಯ ಕೇಳೋಣ. ಹೊರದೇಶಕ್ಕೆ ಹೋದವರ, ಮರಳಿ ಬಂದವರ ಒಂದು ಪಟ್ಟಿ ಪಂಚಾಯಿತಿಯಲ್ಲಿ ಇರಲಿ. ನಡುವರ್ಷದಲ್ಲಿ ಬಂದು ಸೇರುವ ಮಕ್ಕಳಿಗೆ ಶಾಲೆಯಲ್ಲಿ ಆರು ತಿಂಗಳು ದಿನಕ್ಕೊಂದು ಗಂಟೆ ಕನ್ನಡ ಹೇಳಿಕೊಡಲಿ. ದೊಡ್ಡ ಖರ್ಚಿನ ಕೆಲಸ ಎರಡೂ ಅಲ್ಲ. ಅಕ್ಕ ಈಗ ಮನೆಯ ಜಗಲಿಯಲ್ಲಿ ಇಂಥ ನಾಲ್ಕು ಮಕ್ಕಳಿಗೆ ಸಂಜೆ ಕಲಿಸುತ್ತಾಳೆ, ಸಂಬಳವಿಲ್ಲದೆ.

ಇನ್ನು ರಶೀದಿ ಪುಸ್ತಕ ಹಿಡಿದವರಿಗೆ. ಈ ಸಲ ರಜೆಗೆ ಬಂದವರ ಮನೆಗೆ ಹೋಗಿ, ಬೇಡ ಎನ್ನುವುದಿಲ್ಲ. ಪುಸ್ತಕ ಮನೆಯಲ್ಲೇ ಬಿಟ್ಟು ಹೋಗಿ. ಚಾ ಕುಡಿಯಿರಿ, "ಲೆವಿ ಎಷ್ಟು ಕಟ್ಟಿದಿರಿ?" ಎಂದು ಕೇಳಿ. ಉತ್ತರ ಕೇಳಿದ ಮೇಲೂ ಅವರ ಹೆಸರಿನ ಮುಂದೆ ಐವತ್ತು ಸಾವಿರ ಬರೆಯುವ ಧೈರ್ಯ ನಿಮಗಿದ್ದರೆ ಬರೆಯಿರಿ. ಆ ಸನ್ಮಾನದ ಸುದ್ದಿಯನ್ನು ಮಾತ್ರ ನಾನು ಬರೆಯುವುದಿಲ್ಲ.