ಎಲೆ ಮೇಲೆ ರಂಗೋಲಿ: ಎಣ್ಣಿ ಹೊಡೆಯೋ ಮೊದಲು ಎಲೆ ಎತ್ತಿ ನೋಡ್ರಿ

ಹುಲಸೂರ: ಟೊಮ್ಯಾಟೊ, ಸವತಿ, ಅಲಸಂದಿ ಎಲೆಗಳ ಮೇಲೆ ಹಾವು ಹರಿದಂತೆ ಬಿಳಿ ಗೆರೆ ಕಂಡರೆ ರೈತರು ಮೊದಲು ಬರುವುದು ಔಷಧ ಅಂಗಡಿಗೆ. ‘ಎಲಿ ಮ್ಯಾಲ ಗೆರಿ ಬಿದ್ದಾವ್ರಿ ಸಾವಕಾರ್ರ, ಜೋರ್ ಎಣ್ಣಿ ಕೊಡ್ರಿ’ ಅನ್ನುತ್ತಾರೆ. ಅಂಗಡಿಯವರು ಡಬ್ಬಿ ಕೊಟ್ಟು ಉದ್ರಿ ಬರೆದುಕೊಳ್ಳುತ್ತಾರೆ. ಕೆಲವೇ ದಿನದಲ್ಲಿ ಹೊಸ ಎಲೆ ಮೇಲೆ ಮತ್ತೆ ಗೆರೆ. ರೈತರು ಮತ್ತೆ ಅಂಗಡಿಗೆ. ಈ ತಿರುಗಾಟದಲ್ಲಿ ಲುಕ್ಸಾನ್ ಇಬ್ಬರಿಗೂ ಇದೆ. ಬೆಳೆ ಕೈಕೊಟ್ಟರೆ ಉದ್ರಿ ವಸೂಲಾಗುವುದೂ ಕಷ್ಟ.

ಹುಳು ಬಂದದ್ದು ಎಲ್ಲಿಂದ?

ರೈತರು ಇದನ್ನು ರಂಗೋಲಿ ಹುಳು ಅನ್ನುತ್ತಾರೆ. ವಿಜ್ಞಾನಿಗಳು ಇಟ್ಟ ಹೆಸರು ಲಿರಿಯೊಮೈಜಾ ಟ್ರೈಫೋಲಿ. ಇದು ಎರಡು ಮಿಲಿಮೀಟರ್‌ನಷ್ಟೂ ಉದ್ದ ಇಲ್ಲದ, ಹಳದಿ-ಕಪ್ಪು ಬಣ್ಣದ ನೊಣ. ಮೂಲ ಅಮೆರಿಕ ಖಂಡ. ಸೇವಂತಿಗೆ ಸಸಿಗಳ ವ್ಯಾಪಾರದ ಜೊತೆ ದೇಶ ದೇಶ ದಾಟಿತು. ಭಾರತದಲ್ಲಿ 1990ರ ದಶಕದ ಆರಂಭದಲ್ಲಿ ಮೊದಲು ಕಂಡದ್ದು ಹೈದರಾಬಾದ್ ಭಾಗದ ಔಡಲ ಗಿಡದ ಮೇಲೆ. ಹೈದರಾಬಾದ್ ನಮಗೆ ದೂರದ ಊರಲ್ಲ, ಹುಮನಾಬಾದ ದಾಟಿದರೆ ಹೆದ್ದಾರಿ ನೇರ ಅಲ್ಲಿಗೇ ಹೋಗುತ್ತದೆ.

ಇದು ಒಂದೇ ಬೆಳೆಯ ಹುಳು ಅಲ್ಲ. ಸುಮಾರು 25 ಸಸ್ಯ ಕುಟುಂಬಗಳ ಗಿಡಗಳ ಮೇಲೆ ಬದುಕುತ್ತದೆ. ಟೊಮ್ಯಾಟೊ, ಆಲೂಗಡ್ಡೆ, ಸವತಿ, ಕುಂಬಳ, ಬೀನ್ಸ್, ಅಲಸಂದಿ, ಹತ್ತಿ, ಔಡಲ, ಸೇವಂತಿಗೆ ಎಲ್ಲವೂ ಇದಕ್ಕೆ ಊಟ. ಅದಕ್ಕೇ ಟೊಮ್ಯಾಟೊ ಕಿತ್ತು ಸವತಿ ಹಾಕಿದರೆ ಹುಳುವಿಗೆ ಊಟದ ಎಲೆ ಬದಲಾಯಿತು ಅಷ್ಟೇ. ಬದುವಿನ ಔಡಲ, ಹೊಲದ ಕಳೆ ಕೂಡ ಅದಕ್ಕೆ ಆಸರೆ.

ಎಣ್ಣಿ ಯಾಕೆ ನಾಟೋದಿಲ್ಲ?

ತಾಯಿ ನೊಣ ಎಲೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಮರಿ ಹುಳು ಎಲೆಯ ಮೇಲಿನ ಪದರ, ಕೆಳಗಿನ ಪದರದ ನಡುವೆ ಹಸಿರು ಮೇಯುತ್ತ ಹೋಗುತ್ತದೆ. ಹುಳು ಬೆಳೆದಂತೆ ಗೆರೆ ದಪ್ಪಾಗುತ್ತದೆ. ವಾರದೊಳಗೆ ಎಲೆ ಸೀಳಿ ಹೊರಬಂದು, ಹೆಚ್ಚಿನವು ಮಣ್ಣಿಗೆ ಬಿದ್ದು ಕೋಶವಾಗುತ್ತವೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಮೊಟ್ಟೆಯಿಂದ ನೊಣದವರೆಗೆ ಮೂರು ವಾರ ಸಾಕು. ಎಲೆ ಮೇಲಷ್ಟೇ ಕೂರುವ ಔಷಧಿ ಎಲೆಯೊಳಗಿನ ಹುಳುವಿಗೂ ಮುಟ್ಟದು, ಮಣ್ಣಿನ ಕೋಶಕ್ಕೂ ಮುಟ್ಟದು.

ಹೊಡೆತ ಬೀಳುವುದು ಬೇರೆಯವರಿಗೆ. ಈ ಮರಿ ಹುಳುಗಳನ್ನು ತಿಂದು ಬದುಕುವ ಸಣ್ಣ ಸಣ್ಣ ಕಣಜಗಳಿವೆ. ಎಲ್ಲವನ್ನೂ ಕೊಲ್ಲುವ ‘ಜೋರ್ ಎಣ್ಣಿ’ ಮೊದಲು ಮುಗಿಸುವುದು ಅವನ್ನೇ. ಕಾವಲುಗಾರ ಸತ್ತ ಮೇಲೆ ಕಳ್ಳನಿಗೆ ಭಯವೆಲ್ಲಿ? ಮೇಲಾಗಿ ಈ ನೊಣ ಔಷಧಿಗೆ ಬೇಗ ಒಗ್ಗಿಕೊಳ್ಳುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಒಂದಾದ ಮೇಲೊಂದು ಔಷಧಿ ಕೆಲವೇ ವರ್ಷಗಳಲ್ಲಿ ಕೆಲಸ ನಿಲ್ಲಿಸಿದ್ದವು.

ಗುರುತು ತಪ್ಪಿದರೆ ದುಡ್ಡು ಹೋಯ್ತು

ತೆಳ್ಳಗೆ ಸುತ್ತಾಡಿದ ಗೆರೆ ರಂಗೋಲಿ ಹುಳುವಿನದು. ಟೊಮ್ಯಾಟೊ ಎಲೆಯಲ್ಲಿ ಅಗಲವಾದ ಮಚ್ಚೆ ಬಿದ್ದು, ಕಾಯಿಗೂ ತೂತು ಬಿದ್ದರೆ ಅದು ಟೂಟಾ ಎಂಬ ಪತಂಗದ ಹುಳು. ಮಹಾರಾಷ್ಟ್ರದಲ್ಲಿ 2014ರಲ್ಲಿ ಕಾಣಿಸಿಕೊಂಡ ಇದರಿಂದ ಹಾನಿ ಬಹಳ. ಸೋಯಾದಲ್ಲಿ ಎಲೆ ಮೇಲೆ ಗೆರೆ ಇಲ್ಲದೆ ಗಿಡ ಬಾಡಿ, ಕಾಂಡ ಸೀಳಿದಾಗ ಒಳಗೆ ಕೆಂಪು ಸುರಂಗ ಕಂಡರೆ ಅದು ಕಾಂಡದ ನೊಣ. ಮೂರಕ್ಕೂ ಮದ್ದು ಒಂದೇ ಅಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಗೆರೆ ಬಿದ್ದ ಎಲೆಯನ್ನು ಬಿಸಿಲಿಗೆ ಎತ್ತಿ ಹಿಡಿಯಿರಿ. ಗೆರೆಯ ದಪ್ಪ ತುದಿಯಲ್ಲಿ ಹಳದಿ ಹುಳು ಅಲುಗಾಡಿದರೆ ಜೀವಂತ ಇದೆ. ಗೆರೆ ಖಾಲಿ ಇದ್ದರೆ ಹುಳು ಆಗಲೇ ಹೋಗಿದೆ, ಕಪ್ಪಾಗಿ ಸತ್ತಿದ್ದರೆ ಕಣಜ ತನ್ನ ಕೆಲಸ ಮಾಡಿರಬಹುದು. ಆ ಎಲೆಗೆ ಔಷಧಿ ಹೊಡೆದು ಲಾಭ ಇಲ್ಲ.

ಬೆಳೆದ ಗಿಡದ ಕೆಳ ಎಲೆಗಳಲ್ಲಿ ನಾಲ್ಕು ಗೆರೆ ಇದ್ದರೆ ಇಳುವರಿಗೆ ದೊಡ್ಡ ಪೆಟ್ಟಿಲ್ಲ. ಎಳೆ ಸಸಿಗೆ ಮಾತ್ರ ಅಪಾಯ ಜಾಸ್ತಿ, ಅಲ್ಲಿ ಸುಮ್ಮನೆ ಕೂರಬಾರದು. ಗೆರೆ ಬಿದ್ದ ಎಲೆ ಕಿತ್ತು ಸುಡಬೇಕು, ಕಳೆ ತೆಗೆಯಬೇಕು, ಹಳದಿ ಅಂಟು ಹಾಳೆ ಕಟ್ಟಬೇಕು. ಹೊಡೆಯಲೇಬೇಕಾದರೆ ಶೇ 5ರ ಬೇವಿನ ಬೀಜದ ಕಷಾಯದಿಂದ ಶುರು ಮಾಡಬೇಕು. 5 ಕೆ.ಜಿ ಬೇವಿನ ಬೀಜದ ಪುಡಿ ರಾತ್ರಿ ನೆನೆಹಾಕಿ, ಸೋಸಿ, 100 ಲೀಟರ್ ಮಾಡಿ ಸಂಜೆ ಸಿಂಪಡಿಸಬೇಕು.

ಅಂಗಡಿಯೇ ಮೊದಲ ದವಾಖಾನೆ

2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಹುಲಸೂರ ಒಂದು. ಬೀದರ್‌ನ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ಹಿಡಿದುಕೊಂಡು ಹೋಗಿಬಂದರೆ ರೈತರ ಒಂದು ದಿನದ ಕೆಲಸ ಹೋಗುತ್ತದೆ. ಹಾಗಾಗಿ ಬೆಳೆಯ ನಿರ್ಧಾರ ಆಗುವುದು ಅಂಗಡಿ ಕಟ್ಟೆ ಮೇಲೇ. ಅಂಗಡಿಯವರಿಗಾಗಿಯೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ‘ದೇಸಿ’ ಡಿಪ್ಲೊಮಾ ಆರಂಭಿಸಿದೆ. ಒಂದು ವರ್ಷದ ಈ ತರಬೇತಿ ಪಡೆದವರು ಪ್ರತಿ ಹೋಬಳಿಯಲ್ಲೂ ಇರುವಂತೆ ನೋಡಿಕೊಳ್ಳುವುದು ಕೃಷಿ, ತೋಟಗಾರಿಕೆ ಇಲಾಖೆಗಳ ಕೆಲಸ.

ಅಲ್ಲಿಯವರೆಗೆ ರೈತರು ಬರಿಗೈಲಿ ಅಂಗಡಿಗೆ ಹೋಗದೆ ಎಲೆ, ಸಾಧ್ಯವಾದರೆ ಇಡೀ ಸಸಿ ಒಯ್ಯುವುದು ಒಳ್ಳೆಯದು. ಅಂಗಡಿಯವರೂ ಡಬ್ಬಿ ತೆಗೆಯುವ ಮೊದಲು ‘ಎಲಿ ತೋರಸ್ರಿ’ ಅಂತ ಕೇಳಬೇಕು. ಅನುಮಾನ ಇದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಒಂದು ಬೇಡದ ಸಿಂಪರಣೆ ತಪ್ಪಿದರೂ ಔಷಧಿ ಖರ್ಚು, ಕೂಲಿ ಎರಡೂ ಉಳಿದವು.