ಒಬ್ಬನನ್ನು ಸಾಯಿಸಿದರೆ ಮಾತ್ರ ಕಥೆಯೇ?

ಕೆಲವು ವರ್ಷಗಳ ಹಿಂದೆ ನಾನೊಂದು ಕಥೆ ಬರೆದೆ. ಕಾಲೇಜಿನ ದಿನಗಳಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಿ, ಮನೆಯವರಿಗೆ ಹೆದರಿ ದೂರವಾದ ಇಬ್ಬರು ಗಂಡಸರು ಹದಿನೈದು ವರ್ಷಗಳ ನಂತರ ಬಸ್ ನಿಲ್ದಾಣವೊಂದರಲ್ಲಿ ಎದುರಾಗುತ್ತಾರೆ. ಇಬ್ಬರ ತಲೆಯಲ್ಲೂ ನರೆ. ಕೊನೆಯಲ್ಲಿ ಇಬ್ಬರೂ ಒಂದೇ ಬಸ್ಸು ಹತ್ತುತ್ತಾರೆ. ಅಷ್ಟೇ ಕಥೆ. ಅದನ್ನು ಓದಿದ ಸಂಪಾದಕ ಮಿತ್ರರೊಬ್ಬರು ಫೋನ್ ಮಾಡಿ, "ಸಾಹೇಬ್ರೇ, ಭಾಷೆ ಚೆನ್ನಾಗಿದೆ. ಆದ್ರೆ ಕೊನೆಗೆ ಒಬ್ಬನನ್ನ ಸಾಯಿಸಿಬಿಡಿ, ಆಗ ಕಥೆ ನಿಲ್ಲುತ್ತೆ" ಎಂದರು. ಅವರು ಕೆಟ್ಟವರಲ್ಲ, ಪ್ರಗತಿಪರರು. 'ಬ್ರೋಕ್‌ಬ್ಯಾಕ್ ಮೌಂಟೇನ್' ಸಿನಿಮಾ ನೋಡಿ ಕಣ್ಣೀರು ಹಾಕಿದವರು. ನನ್ನ ತಕರಾರು ಇರುವುದು ಆ ಕಣ್ಣೀರಿನ ಬಗ್ಗೆಯೇ.

ಅಮೆರಿಕದ ಲೇಖಕಿ ಆ್ಯನಿ ಪ್ರೂ ಬರೆದ ಈ ಕಥೆ 1997ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆ್ಯಂಗ್ ಲೀ 2005ರಲ್ಲಿ ಅದನ್ನು ಸಿನಿಮಾ ಮಾಡಿದರು. ಮರುವರ್ಷ ಮೂರು ಆಸ್ಕರ್ ಬಂದವು. 1963ರ ಬೇಸಿಗೆಯಲ್ಲಿ ವಯೋಮಿಂಗ್‌ನ ಬೆಟ್ಟದ ಮೇಲೆ ಕುರಿ ಕಾಯಲು ಹೋದ ಎನಿಸ್ ಮತ್ತು ಜ್ಯಾಕ್ ಎಂಬ ಇಬ್ಬರು ಬಡ ಹುಡುಗರ ಕಥೆ ಅದು. ಬೆಟ್ಟ ಇಳಿದ ಮೇಲೆ ಇಬ್ಬರೂ ಬೇರೆಯಾಗುತ್ತಾರೆ, ಮದುವೆಯಾಗುತ್ತಾರೆ, ತಂದೆಯರಾಗುತ್ತಾರೆ. ನಾಲ್ಕು ವರ್ಷಗಳ ನಂತರ ಜ್ಯಾಕ್ ಹುಡುಕಿಕೊಂಡು ಬರುತ್ತಾನೆ. ಮೆಟ್ಟಿಲ ಬಳಿ ಇಬ್ಬರೂ ಎಲ್ಲವನ್ನೂ ಮರೆತು ಅಪ್ಪಿಕೊಳ್ಳುತ್ತಾರೆ.

ಗಮನಿಸಿ, ಬದುಕು ಅವರಿಗೆ ಎರಡನೆಯ ಅವಕಾಶವನ್ನು ಕೊಟ್ಟಿತ್ತು. ಒಂದು ಸಣ್ಣ ಜಮೀನು, ಕೆಲವು ದನಕರುಗಳು, ಇಬ್ಬರೂ ಜೊತೆಯಾಗಿ ಬದುಕೋಣ ಎಂದು ಜ್ಯಾಕ್ ಕೇಳುತ್ತಾನೆ. ಎನಿಸ್ ಒಪ್ಪುವುದಿಲ್ಲ. ಬಾಲ್ಯದಲ್ಲಿ ಅವನ ಅಪ್ಪ ಅವನನ್ನು ಕರೆದೊಯ್ದು ಒಂದು ಹೆಣ ತೋರಿಸಿದ್ದ. ಇನ್ನೊಬ್ಬ ಗಂಡಸಿನ ಜೊತೆ ಮನೆ ಮಾಡಿಕೊಂಡಿದ್ದ ತಪ್ಪಿಗೆ ಹೊಡೆದು ಕೊಂದವನ ಹೆಣ. ಆ ಪಾಠವನ್ನು ಎನಿಸ್ ಎಂದೂ ಮರೆಯಲಿಲ್ಲ. ವರ್ಷಕ್ಕೆ ಒಂದೆರಡು ಸಲ ಮೀನು ಹಿಡಿಯುವ ನೆಪದಲ್ಲಿ ಕದ್ದು ಭೇಟಿಯಾಗುವುದರಲ್ಲೇ ಇಬ್ಬರ ಆಯುಷ್ಯ ಸವೆಯಿತು. ಕೊನೆಗೆ ಜ್ಯಾಕ್ ಸತ್ತ.

ಇದನ್ನು ನೋಡಿದ ನಾವು ನಿಟ್ಟುಸಿರು ಬಿಟ್ಟು "ನಸೀಬು" ಎಂದೆವು. ಇದು ನಸೀಬು ಹೇಗಾಗುತ್ತದೆ? ಪ್ರವಾಹ ಬಂದು ಕೊಚ್ಚಿಕೊಂಡು ಹೋಯಿತೇ? ಮಗನಿಗೆ ಹೆಣ ತೋರಿಸಿದ ಅಪ್ಪನಿದ್ದ, ಹೊಡೆದವರಿದ್ದರು, ನೋಡಿಯೂ ಸುಮ್ಮನಿದ್ದ ಊರಿತ್ತು. ಜ್ಯಾಕ್ ನೆಲೆಸಿದ್ದ ಟೆಕ್ಸಾಸ್‌ನಲ್ಲಿ ಇಂಥ ಸಂಬಂಧವನ್ನು ಅಪರಾಧವೆನ್ನುವ ಕಾನೂನು 2003ರವರೆಗೂ ಇತ್ತು. ಕಥೆ ಅಚ್ಚಾದ ಮರುವರ್ಷ, 1998ರ ಅಕ್ಟೋಬರ್‌ನಲ್ಲಿ, ಅದೇ ವಯೋಮಿಂಗ್‌ನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಹೊಡೆದರು, ಆತ ಸತ್ತ. ಮನುಷ್ಯರು ಮಾಡಿದ್ದನ್ನು ವಿಧಿಯ ತಲೆಗೆ ಕಟ್ಟುವುದು ನಮಗೆ ಬಹಳ ಅನುಕೂಲಕರ.

ಈ ಸಿನಿಮಾದಲ್ಲಿ ನಾವು ಬೇಗ ಮರೆಯುವ ಪಾತ್ರವೊಂದಿದೆ, ಎನಿಸ್‌ನ ಹೆಂಡತಿ ಅಲ್ಮಾ. ಗಂಡ ಮೆಟ್ಟಿಲ ಬಳಿ ಇನ್ನೊಬ್ಬನನ್ನು ಅಪ್ಪಿದ್ದನ್ನು ಅವಳು ನೋಡುತ್ತಾಳೆ, ಏನೂ ಮಾತಾಡುವುದಿಲ್ಲ. ಒಮ್ಮೆ ಗಾಳದ ದಾರದ ತುದಿಗೆ ಒಂದು ಚೀಟಿ ಕಟ್ಟಿ ಕಳಿಸುತ್ತಾಳೆ. ಗಂಡ ವಾಪಸು ಬಂದಾಗ ಚೀಟಿ ಕಟ್ಟಿದ ಹಾಗೇ ಇರುತ್ತದೆ. ಗಾಳ ನೀರನ್ನೇ ಮುಟ್ಟಿರುವುದಿಲ್ಲ. ಇಬ್ಬರು ಗಂಡಸರ ವಿರಹಕ್ಕೆ ಅತ್ತ ನಮ್ಮಲ್ಲಿ ಎಷ್ಟು ಮಂದಿ ಆ ಚೀಟಿಗಾಗಿ ಅತ್ತಿದ್ದೇವೆ?

"ಮದುವೆಯಾದವರು ಹಳೆಯ ಪ್ರೀತಿಯನ್ನು ಹುಡುಕಿಕೊಂಡು ಹೋಗುವುದು ಮೋಸವಲ್ಲವೇ?" ಎಂದು ಕೇಳುವವರಿದ್ದಾರೆ. ಹೌದು, ಮೋಸವೇ. ಆದರೆ ಆ ಮೋಸ ಶುರುವಾದದ್ದು ಮೆಟ್ಟಿಲ ಬಳಿ ಅಲ್ಲ, ಮದುವೆಯ ದಿನ. ನನ್ನ ಕಥೆಯ ಇಬ್ಬರಿಗೂ ನಾನು ಮದುವೆ ಮಾಡಿಸಿರಲಿಲ್ಲ. ಅದು ಕಥೆಯ ದೌರ್ಬಲ್ಯವೆಂದು ಈಗ ಅನಿಸುತ್ತದೆ. ಏಕೆಂದರೆ ನಮ್ಮಲ್ಲಿ ಅಂಥವರನ್ನು ಮದುವೆ ಮಾಡಿಸದೆ ಬಿಡುವ ಮನೆಗಳು ಬಹಳ ಕಡಿಮೆ. ಮಗನ ಮನಸ್ಸು ಎಲ್ಲಿದೆಯೆಂದು ಗೊತ್ತಿದ್ದೂ, "ಒಂದು ನಿಕಾಹ್ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ" ಎನ್ನುವ ಹಿರಿಯರನ್ನು ನಾನು ನೋಡಿದ್ದೇನೆ. ಬೇರೆ ಸಮುದಾಯಗಳಲ್ಲಿ ನಿಕಾಹ್ ಬದಲು ಬೇರೆ ಪದ ಬಳಸುತ್ತಾರೆ, ಔಷಧಿ ಒಂದೇ. ಯಾರ ಮಗಳನ್ನು ನೀವು ಆ ಔಷಧಿಯಾಗಿ ಅರೆಯುತ್ತಿದ್ದೀರಿ? ಖಾಜಿಯವರ ಮುಂದೆ "ಕುಬೂಲ್" ಎನ್ನುವ ಆ ಹುಡುಗಿಗೆ ತಾನು ಏನನ್ನು ಕುಬೂಲ್ ಮಾಡುತ್ತಿದ್ದೇನೆಂದು ಯಾರಾದರೂ ಹೇಳಿದ್ದೀರಾ? ಮನೆತನದ ಮರ್ಯಾದೆಯ ಹೆಸರಿನಲ್ಲಿ ನಡೆಯುವ ಈ ಸುಳ್ಳಿನಲ್ಲಿ ಹಾಳಾಗುವುದು ಇಬ್ಬರಲ್ಲ, ಮೂವರು, ಒಮ್ಮೊಮ್ಮೆ ನಾಲ್ವರು.

ಇನ್ನು ಸಾಹಿತ್ಯದವರ ಸರದಿ. ಉರ್ದು ಶಾಲೆಯಲ್ಲಿ ಗಜಲ್ ಕಲಿತವನು ನಾನು. ಅಲ್ಲಿ ಪ್ರೀತಿಸುವವನೂ ಗಂಡು, ಪ್ರೀತಿಸಲ್ಪಡುವವನೂ ವ್ಯಾಕರಣದ ಪ್ರಕಾರ ಗಂಡೇ. ಉಸ್ತಾದರು "ಅದು ರಿವಾಜು, ಮುಂದೆ ಓದು" ಎನ್ನುತ್ತಿದ್ದರು. ನಾವು ಮುಂದೆ ಓದಿದೆವು. ಗಜಲ್ ತುಂಬಾ ಹಿಜ್ರ್, ಅಗಲಿಕೆ. ಅಗಲಿಕೆಗೆ ಮುಷಾಯಿರಾದಲ್ಲಿ ವಾಹ್ ವಾಹ್ ಎನ್ನುತ್ತೇವೆ. ಅದೇ ಇಬ್ಬರು ಪಕ್ಕದ ಓಣಿಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಂದರೆ ಲಾಹೌಲ್ ಎನ್ನುತ್ತೇವೆ. ದೂರವಿರುವವರೆಗೆ ಅವರ ಪ್ರೀತಿ ಪವಿತ್ರ, ಹತ್ತಿರ ಬಂದರೆ ಅಸಹ್ಯ. ಇದು ಎಂಥ ರಸಿಕತೆ?

ಸುಖಾಂತ್ಯ ಎಂದರೆ ಅಗ್ಗದ ಕಥೆ ಎಂಬ ವಾದವೂ ಇದೆ. ತನ್ನ ಕಥೆಗೆ ಸುಖಾಂತ್ಯ ಬರೆದು ಕಳಿಸುವ ಓದುಗರ ಕಾಟ ತಾಳಲಾರದೆ, ಆ ಕಥೆಯನ್ನು ಬರೆಯಲೇಬಾರದಿತ್ತು ಅನಿಸುತ್ತದೆಂದು ಸ್ವತಃ ಪ್ರೂ 2009ರ ಸಂದರ್ಶನವೊಂದರಲ್ಲಿ ಹೇಳಿದರು. ದ್ವೇಷದ ಕಥೆಯನ್ನು ಓದುಗರು ಬರೀ ಇಬ್ಬರ ಪ್ರೇಮಕಥೆ ಮಾಡಿಕೊಂಡರೆಂಬುದು ಅವರ ದೂರು. ಕಥೆಗಾರನಾಗಿ ನಾನು ಅವರ ಪರ. ಜ್ಯಾಕ್‌ನನ್ನು ಬದುಕಿಸಿದರೆ ಆ ಕಥೆ ಸುಳ್ಳಾಗುತ್ತದೆ. ಆದರೆ ಆ ಓದುಗರನ್ನು ಮೂರ್ಖರೆನ್ನಲು ನನಗೆ ಮನಸ್ಸಿಲ್ಲ. ತಮ್ಮಂಥವರು ಕೊನೆಯ ಪುಟದವರೆಗೂ ಬದುಕಿರುವ ಒಂದು ಪುಸ್ತಕ ಅವರಿಗೆ ಬೇಕಿತ್ತು. ಸಿಗಲಿಲ್ಲ, ತಾವೇ ಬರೆಯಹೊರಟರು.

ಹಾಗೆ ನೋಡಿದರೆ ಸುಖಾಂತ್ಯವೇ ದುಬಾರಿ. ಇ.ಎಂ. ಫಾರ್ಸ್ಟರ್ 'ಮಾರಿಸ್' ಕಾದಂಬರಿಯನ್ನು ಬರೆದದ್ದು 1913–14ರಲ್ಲಿ. ಅದರಲ್ಲಿ ಇಬ್ಬರು ಗಂಡಸರು ಕೊನೆಗೆ ಒಂದಾಗುತ್ತಾರೆ. ಹಾಗೆ ಒಂದಾಗಲೇಬೇಕೆಂಬುದು ಅವರ ಹಟವಾಗಿತ್ತು. ಆ ಹಟಕ್ಕೆ ತೆತ್ತ ಬೆಲೆಯೆಂದರೆ, ಕಾದಂಬರಿ ಅಚ್ಚಾದದ್ದು 1971ರಲ್ಲಿ, ಫಾರ್ಸ್ಟರ್ ತೀರಿಕೊಂಡ ಮರುವರ್ಷ. ಇಬ್ಬರಲ್ಲೊಬ್ಬನನ್ನು ನೇಣಿಗೆ ಹಾಕಿದ್ದರೆ ಬೇಗ ಅಚ್ಚಾಗುತ್ತಿತ್ತೋ ಏನೋ!

ನಮ್ಮ ದೇಶದಲ್ಲಿ 377ನೇ ಕಲಮಿನ ಕುಣಿಕೆಯನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸಡಿಲಿಸಿತು. ಮದುವೆಯ ಹಕ್ಕನ್ನು ಮಾತ್ರ 2023ರ ಅಕ್ಟೋಬರ್‌ನಲ್ಲಿ ನಿರಾಕರಿಸಿತು. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲೇ ಬಂದು ಬಾಗಿಲು ತೆರೆಯಿತು. ಇವೆಲ್ಲ ಆದ ಮೇಲೂ ಮನೆಯೊಳಗಿನ ಅಪ್ಪ ಮಗನಿಗೆ ಹೆಣ ತೋರಿಸುವುದನ್ನು ಬಿಟ್ಟಿಲ್ಲ. ಅದು ಬೈಗುಳವಾಗಿರಬಹುದು, ಆಣೆಯಾಗಿರಬಹುದು, ಅಮ್ಮನ ಎದೆನೋವಾಗಿರಬಹುದು.

ನಿಮ್ಮ ಧರ್ಮ ಏನು ಹೇಳುತ್ತದೆಂದು ನಿಮಗೆ ಗೊತ್ತು. ಆ ಚರ್ಚೆಗೆ ನಾನು ಬಂದಿಲ್ಲ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕೇಳುವುದು ಇಷ್ಟೇ: ಒಪ್ಪದಿದ್ದರೂ ಸುಳ್ಳು ಮದುವೆ ಮಾಡಿಸಬೇಡಿ, ಅರಿಯದ ಹೆಣ್ಣುಮಗಳನ್ನು ನಡುವೆ ತರಬೇಡಿ. ಮೊದಲ ಅವಕಾಶವನ್ನು ನಾವು ಕಿತ್ತುಕೊಳ್ಳದಿದ್ದರೆ ಎರಡನೆಯದಕ್ಕಾಗಿ ಯಾರೂ ಹದಿನೈದು ವರ್ಷ ಕಾಯಬೇಕಿಲ್ಲ.

ಸಂಪಾದಕ ಮಿತ್ರರು ಈಚೆಗೆ ಸಿಕ್ಕಾಗ ಕಥೆ ತಿದ್ದಿದಿರಾ ಎಂದು ಕೇಳಿದರು. ಇಲ್ಲ. ಇಬ್ಬರೂ ಬಸ್ಸು ಹತ್ತಿ ಆಗಿದೆ. ನಾನಂತೂ ಅವರನ್ನು ಇಳಿಸುವುದಿಲ್ಲ.