ಸ್ವಲ್ಪ ಕೂತ್ಕೊಂಡ್ರೆ ಏನಂತೆ?

ಬೆಳಿಗ್ಗೆ ಐದೂವರೆಗೆ ಅಲಾರಂ ಹೊಡೆದಾಗ ಏಳೋದು ನನಗೆ ಕಷ್ಟವಲ್ಲ. ಹುಟ್ಟಿದಾಗಿನಿಂದ ಬೇಗ ಏಳುವವಳೇ. ಆದರೆ ಹೋದ ವರ್ಷದ ಮಳೆಗಾಲದಿಂದ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡೋದು ಅಂದ್ರೆ ಭಯ ಶುರುವಾಯ್ತು. ಎಡ ಹಿಮ್ಮಡಿ ನೆಲಕ್ಕೆ ತಾಗಿದ ಕೂಡಲೇ ಒಳಗಿಂದ ಯಾರೋ ಮೊಳೆ ಹೊಡೆದ ಹಾಗೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನೋವು ಸ್ವಲ್ಪ ಸಡಿಲವಾಗುತ್ತಿತ್ತು. ಸರಿ, ಹೋಯ್ತಲ್ಲ ಅಂದುಕೊಂಡು ಒಲೆ ಹಚ್ಚುತ್ತಿದ್ದೆ. ಸಂಜೆ ಮತ್ತೆ ಅದೇ ಕಥೆ.

ಒಂದು ದಿನ ಪಿಯುಸಿ ಓದುವ ಮಗಳು ನೋಡಿಬಿಟ್ಟಳು. "ಏನಮ್ಮಾ, ಅಜ್ಜಿ ಥರ ಗೋಡೆ ಹಿಡ್ಕೊಂಡು ನಡೀತಿದ್ದೀಯ?" ಅಂದಳು. ದೇವರ ಮನೆಯಿಂದ ನಮ್ಮತ್ತೆ, "ನಾನೆಲ್ಲೇ ಗೋಡೆ ಹಿಡಿತೀನಿ?" ಅಂತ ಕೂಗಿದರು. ಎಪ್ಪತ್ತೆರಡಾದ ಅತ್ತೆ ಸರಸರ ನಡೆಯುತ್ತಾರೆ, ನಲವತ್ತೇಳರ ನಾನು ಕುಂಟುತ್ತೇನೆ. ಮೂವರೂ ನಕ್ಕೆವು. ನಗು ಮುಗಿದ ಮೇಲೆ ನನಗೆ ಒಳಗೊಳಗೇ ಹೆದರಿಕೆ ಆಯ್ತು.

ಅತ್ತೆ ಸುಮ್ಮನಿರಲಿಲ್ಲ. ಎಕ್ಕದ ಎಲೆ ತರಿಸಿದರು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಲೆ ಇಟ್ಟು, ಹಿಮ್ಮಡಿ ಒತ್ತಿಸಿದರು. ಹಿತವಾಗಿತ್ತು, ಸುಳ್ಳು ಹೇಳಲ್ಲ. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಆದರೆ ಬೆಳಿಗ್ಗೆ ಮೊಳೆ ಮತ್ತೆ ಹಾಜರು.

ನಾನು ತುಮಕೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ನಮ್ಮಲ್ಲಿ ಪಾಠ ಮಾಡುವಾಗ ಕೂರುವ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ತರಗತಿಗಳಲ್ಲಿದ್ದ ಕುರ್ಚಿಗಳನ್ನೆಲ್ಲ ತೆಗೆಸಿದರು. ಕೂತು ಪಾಠ ಮಾಡಿದರೆ ಮಕ್ಕಳ ಮೇಲೆ ನಿಗಾ ಇರಲ್ಲವಂತೆ, ಪೋಷಕರಿಗೆ ನೋಡೋಕೂ ಚೆನ್ನಾಗಿರಲ್ಲವಂತೆ. ನಾವೂ ತಲೆ ಆಡಿಸಿದೆವು. ಖಾಸಗಿ ಶಾಲೆಯ ಕೆಲಸ, ಎದುರು ಮಾತಾಡಿ ಗೊತ್ತಿಲ್ಲ.

ಆಗಸ್ಟ್‌ನಲ್ಲಿ ಒಂದು ದಿನ ಮೆಟ್ಟಿಲು ಇಳಿಯುವಾಗ ಕಾಲು ಸೋತುಬಿಡ್ತು. ಕೈಯಲ್ಲಿದ್ದ ನೋಟ್‌ಬುಕ್ಕುಗಳೆಲ್ಲ ಚೆಲ್ಲಾಪಿಲ್ಲಿ. ಬೀಳಲಿಲ್ಲ, ಕಂಬಿ ಹಿಡಿದುಕೊಂಡೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಓಡಿಹೋಗಿ ತನ್ನ ಬೆಂಚನ್ನೇ ಎಳೆದುಕೊಂಡು ಬಂದು, "ಮಿಸ್, ಕೂತ್ಕೊಳ್ಳಿ ಮಿಸ್" ಅಂದ. ನಾನು ಏನು ಮಾಡಿದೆ ಗೊತ್ತಾ? ಕೂರುವ ಮೊದಲು ತಲೆ ಎತ್ತಿ ವರಾಂಡದ ಕ್ಯಾಮೆರಾ ಕಡೆ ನೋಡಿದೆ. ಕಾಲು ಉರಿಯುತ್ತಿರುವಾಗಲೂ ಕೂರೋಕೆ ಅನುಮತಿ ಬೇಕೇನೋ ಅನ್ನುವ ಹಾಗೆ! ಆ ಸಂಜೆಯೇ ಡಾಕ್ಟರ ಹತ್ತಿರ ಹೋದೆ.

ಮೂಳೆ ಡಾಕ್ಟರು ಹಿಮ್ಮಡಿಯ ಒಳಭಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ಕುರ್ಚಿಯಿಂದ ಹಾರಿದೆ. "ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರದ ಪ್ರಶ್ನೆ. ಲೆಕ್ಕ ಹಾಕಿದೆ. ಬೆಳಗಿನ ಅಡುಗೆ, ಡಬ್ಬಿ ಕಟ್ಟೋದು ಎರಡೂವರೆ ಗಂಟೆ. ನಲವತ್ತು ನಿಮಿಷದ ಆರು ಪಿರಿಯಡ್ಡು, ಅಂದರೆ ನಾಲ್ಕು ಗಂಟೆ. ಪ್ರಾರ್ಥನೆ, ಊಟದ ಹೊತ್ತಿನ ಡ್ಯೂಟಿ ಸೇರಿ ಒಂದು ಗಂಟೆ. ಬಸ್ಸಿನಲ್ಲಿ ಅರ್ಧ ಗಂಟೆ. ಸಂಜೆ ಮತ್ತೆ ಅಡುಗೆಮನೆ ಎರಡು ಗಂಟೆ. ಒಟ್ಟು ಹತ್ತು! ಹೇಳುವಾಗ ನನಗೇ ನಂಬಿಕೆ ಬರಲಿಲ್ಲ.

ಡಾಕ್ಟರು ಕಾಗದದ ಮೇಲೆ ಪಾದದ ಚಿತ್ರ ಬರೆದು ಹೇಳಿದರು. ಹಿಮ್ಮಡಿಯಿಂದ ಕಾಲ್ಬೆರಳುಗಳ ಬುಡದವರೆಗೆ ಅಂಗಾಲಿನ ಕೆಳಗೆ ಒಂದು ಗಟ್ಟಿ ಪಟ್ಟಿ ಇರುತ್ತದೆ. ಬಿಲ್ಲಿಗೆ ಹೆದೆ ಇದ್ದ ಹಾಗೆ ಅದು ಪಾದದ ಕಮಾನನ್ನು ಹಿಡಿದಿಡುತ್ತದೆ. ಗಂಟೆಗಟ್ಟಲೆ ನಿಂತರೆ, ಅದರಲ್ಲೂ ಗಟ್ಟಿ ನೆಲದ ಮೇಲೆ, ತೆಳು ಚಪ್ಪಲಿಯಲ್ಲಿ ನಿಂತರೆ, ಪಟ್ಟಿ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲಿ ಸವೆಯುತ್ತದೆ. ಇದಕ್ಕೆ ಪ್ಲಾಂಟರ್ ಫೇಶಿಯೈಟಿಸ್ ಅಂತ ಹೆಸರು. ರಾತ್ರಿ ಮಲಗಿದಾಗ ಪಟ್ಟಿ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ಮೊದಲ ಹೆಜ್ಜೆಗೆ ಒಮ್ಮೆಲೇ ಎಳೆದಂತಾಗಿ ಆ ಮೊಳೆ ಚುಚ್ಚುವ ನೋವು.

ಎಕ್ಸ್‌ರೇಯಲ್ಲಿ ಹಿಮ್ಮಡಿಯ ಹತ್ತಿರ ಸಣ್ಣ ಮುಳ್ಳಿನಂತೆ ಮೂಳೆ ಬೆಳೆದಿತ್ತು. ಪಕ್ಕದ ಮನೆಯವರು, "ಅಯ್ಯೋ, ಆಪರೇಷನ್ನೇ ಆಗ್ಬೇಕು" ಅಂತ ಹೆದರಿಸಿದ್ದರು. ಡಾಕ್ಟರು ನಕ್ಕರು. ಆ ಮುಳ್ಳು ಎಷ್ಟೋ ಜನಕ್ಕೆ ಇರುತ್ತದಂತೆ, ನೋವೇ ಇಲ್ಲದವರಿಗೂ. ಹೆಚ್ಚಿನವರಿಗೆ ವ್ಯಾಯಾಮ, ಸರಿಯಾದ ಚಪ್ಪಲಿ, ವಿಶ್ರಾಂತಿಯಿಂದಲೇ ವಾಸಿಯಾಗುತ್ತದೆ. ಆದರೆ ವಾರದಲ್ಲಿ ಆಗಲ್ಲ, ತಿಂಗಳುಗಳೇ ಬೇಕು, ತಾಳ್ಮೆ ಇರಲಿ ಅಂದರು.

ಅವರು ಹೇಳಿಕೊಟ್ಟಿದ್ದನ್ನು ನಿಮಗೂ ಹೇಳ್ತೀನಿ. ನಾನು ಮಾಡಿ ನೋಡಿದ್ದು ಇವು.

ಹಾಸಿಗೆಯಿಂದ ಇಳಿಯುವ ಮೊದಲೇ ಕೂತು, ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸಿ ಬಿಡಬೇಕು. ಹೀಗೆ ಹತ್ತು ಸಲ. ಕೈ ಎಟುಕದಿದ್ದರೆ ಹಳೇ ದುಪಟ್ಟಾವನ್ನು ಪಾದಕ್ಕೆ ಸುತ್ತಿ ಎಳೆಯಬಹುದು. ಈ ಒಂದರಿಂದಲೇ ನನ್ನ ಮೊದಲ ಹೆಜ್ಜೆಯ ಭಯ ಅರ್ಧ ಕಡಿಮೆಯಾಯ್ತು.

ಎರಡನೆಯದು ಗೋಡೆ ತಳ್ಳುವ ವ್ಯಾಯಾಮ. ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ಎತ್ತದೆ, ಮಂಡಿ ಬಗ್ಗಿಸದೆ ಮುಂದಕ್ಕೆ ವಾಲಬೇಕು. ಮೀನಖಂಡ ಎಳೆದ ಹಾಗಾಗುತ್ತದೆ. ಮೂವತ್ತು ಎಣಿಸಿ ಬಿಡಿ, ಮೂರು ಸಲ ಮಾಡಿ. ಮೀನಖಂಡ ಬಿಗಿಯಾಗಿದ್ದರೆ ಹಿಮ್ಮಡಿಯ ಮೇಲೆ ಎಳೆತ ಜಾಸ್ತಿ, ಅದಕ್ಕೆ ಇದು.

ಸಂಜೆ ಅರ್ಧ ಲೀಟರ್ ನೀರಿನ ಬಾಟಲಿಯನ್ನು ಫ್ರೀಜರ್‌ನಲ್ಲಿಟ್ಟು, ಬಟ್ಟೆ ಸುತ್ತಿ, ಕುರ್ಚಿಯಲ್ಲಿ ಕೂತು ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸುತ್ತೇನೆ. ಆಮೇಲೆ ಕಾಲ ಕೆಳಗೆ ಎರಡು ದಿಂಬಿಟ್ಟು ಹದಿನೈದು ನಿಮಿಷ ಮಲಗುತ್ತೇನೆ. ನಿಂತು ನಿಂತು ಬಾತುಕೊಂಡ ಕಾಲಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಮನೆಯೊಳಗೆ ಬರಿಗಾಲಲ್ಲಿ ಓಡಾಡೋದು ನಿಲ್ಲಿಸಿದೆ. ಹೊಳೆಯುವ ಟೈಲ್ಸ್ ನೆಲ ಕಣ್ಣಿಗೆ ಚೆಂದ, ಹಿಮ್ಮಡಿಗೆ ಕಲ್ಲು. ಅಡುಗೆಮನೆಗೇ ಅಂತ ಮೆತ್ತನೆಯ ಒಂದು ಜೊತೆ ಚಪ್ಪಲಿ ಇಟ್ಟಿದ್ದೇನೆ. ಮಡಿ ಅಂತ ಅತ್ತೆ ಎರಡು ದಿನ ಮುಖ ಗಂಟಿಕ್ಕಿದರು, ಆಮೇಲೆ ಸರಿಹೋದರು. ಹೊರಗಿನ ಚಪ್ಪಲಿ, ಶೂ ಕೊಳ್ಳುವುದಾದರೆ ಸಂಜೆ ಹೋಗಿ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಆಗ ಸರಿಯಾಗಿ ಕೂತಿದ್ದು ದಿನವಿಡೀ ಸರಿಯಾಗಿರುತ್ತದೆ.

ನಿಲ್ಲಲೇಬೇಕಾದಾಗ ಕಂಬದ ಹಾಗೆ ನಿಲ್ಲಬೇಡಿ. ನಡೆದಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸುಮ್ಮನೆ ನಿಂತರೆ ಆ ಕೆಲಸ ನಿಂತು, ರಕ್ತ ಕಾಲಲ್ಲೇ ಉಳಿದು ಭಾರವಾಗುತ್ತದೆ. ನಾಲ್ಕು ಗಂಟೆ ನಡೆದಿದ್ದಕ್ಕಿಂತ ನಾಲ್ಕು ಗಂಟೆ ನಿಂತಿದ್ದೇ ಸುಸ್ತು ಅನ್ನಿಸೋದು ಅದಕ್ಕೇ. ಆಗಾಗ ಹಿಮ್ಮಡಿ ಎತ್ತಿ ಇಳಿಸಿ, ನಾಲ್ಕು ಹೆಜ್ಜೆ ಓಡಾಡಿ. ಅಡುಗೆ ಕಟ್ಟೆಯ ಕೆಳಗೆ ಒಂದು ಮಣೆ ಇಟ್ಟುಕೊಂಡು ಒಮ್ಮೆ ಒಂದು ಕಾಲು, ಒಮ್ಮೆ ಇನ್ನೊಂದು ಕಾಲು ಅದರ ಮೇಲೆ ಇಡಿ. ಸೊಂಟಕ್ಕೂ ಆರಾಮ.

ಒಂದೆರಡು ಎಚ್ಚರಿಕೆ. ಸಕ್ಕರೆ ಕಾಯಿಲೆ ಇದ್ದವರಿಗೆ ಪಾದದಲ್ಲಿ ಬಿಸಿ, ತಣ್ಣಗೆ ಗೊತ್ತಾಗದೇ ಇರಬಹುದು. ಅವರು ಬಿಸಿ ಇಟ್ಟಿಗೆ, ಬಿಸಿನೀರು, ಐಸು ಯಾವುದನ್ನೂ ಡಾಕ್ಟರನ್ನು ಕೇಳದೆ ಮಾಡಬಾರದು. ಎಕ್ಕದ ಹಾಲು ಚರ್ಮಕ್ಕೆ ಉರಿ, ಕಣ್ಣಿಗಂತೂ ಅಪಾಯ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಕೆಂಪಾಗಿ, ಮೀನಖಂಡ ನೋಯುತ್ತಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಪಾದ ಜೋಮು ಹಿಡಿದರೆ, ಗಾಯ ಮಾಯದಿದ್ದರೆ, ನೋವಿನ ಜೊತೆ ಜ್ವರ ಬಂದರೆ ಕೂಡ ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲ ಹೇಳಿ ಡಾಕ್ಟರು ಕೊನೆಗೆ ಅಂದರು, "ಇದೆಲ್ಲ ಮಾಡಿ, ಮತ್ತೆ ಹತ್ತು ಗಂಟೆ ನಿಂತ್ರೆ ನಾನೇನೂ ಮಾಡೋಕಾಗಲ್ಲ. ಸ್ವಲ್ಪ ಕೂತ್ಕೊಳ್ಳಿ."

ಎಲ್ಲಕ್ಕಿಂತ ಕಷ್ಟವಾಗಿದ್ದು ಅದೇ. ಡಾಕ್ಟರ ಚೀಟಿ ಹಿಡಿದು ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಒಂದು ಸ್ಟೂಲ್ ಕೇಳಿದೆ. ಅವರು ಕೆಟ್ಟವರಲ್ಲ. "ಮೇಡಂ, ನಿಮಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ" ಅಂದರು. ತಲೆ ತಗ್ಗಿಸಿ ವಾಪಸ್ ಬಂದೆ. ಸ್ಟಾಫ್ ರೂಮಿನಲ್ಲಿ ಆ ಮಾತು ಹೇಳಿದ್ದೇ ತಡ, ಗಣಿತದ ಟೀಚರ್ ಸೀರೆಯ ಅಂಚು ಸ್ವಲ್ಪ ಎತ್ತಿ ಕಾಲು ತೋರಿಸಿದರು. ನೀಲಿ ನರಗಳು ಹುರಿ ಹೊಸೆದ ಹಾಗೆ ಉಬ್ಬಿದ್ದವು. ಹಿಂದಿ ಟೀಚರ್‌ಗೆ ಮಂಡಿ. ಪಿ.ಟಿ. ಮೇಷ್ಟ್ರಿಗೂ ಹಿಮ್ಮಡಿ! ಎಷ್ಟೋ ವರ್ಷದಿಂದ ಒಂದೇ ಕೋಣೆಯಲ್ಲಿ ಟೀ ಕುಡಿದಿದ್ದೇವೆ, ಒಬ್ಬರ ಕಾಲು ನೋವು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಸಮಾಜ ವಿಜ್ಞಾನದ ಮೇಷ್ಟ್ರು ಒಂದು ವಿಷಯ ಹೇಳಿದರು. ಕೇರಳದಲ್ಲಿ ಬಟ್ಟೆ ಅಂಗಡಿಯ ಸೇಲ್ಸ್ ಹೆಣ್ಣುಮಕ್ಕಳಿಗೆ ದಿನವಿಡೀ ಕೂರಲು ಬಿಡುತ್ತಿರಲಿಲ್ಲ. ಕೋಳಿಕ್ಕೋಡಿನಲ್ಲಿ ಟೈಲರಿಂಗ್ ಮಾಡುತ್ತಿದ್ದ ಪಿ. ವಿಜಿ ಅವರು ಇಂಥ ಹೆಣ್ಣುಮಕ್ಕಳನ್ನು ಸೇರಿಸಿ 'ಪೆಣ್‌ಕೂಟ್ಟು' ಅನ್ನುವ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದರು. ಕಡೆಗೆ 2018ರಲ್ಲಿ ಅಂಗಡಿ ಕೆಲಸಗಾರರಿಗೆ ಕೂರುವ ವ್ಯವಸ್ಥೆ ಮಾಡಲೇಬೇಕು ಅಂತ ಅಲ್ಲಿ ಕಾನೂನು ಬಂತು. 2021ರಲ್ಲಿ ತಮಿಳುನಾಡೂ ಅಂಥದ್ದೇ ತಿದ್ದುಪಡಿ ತಂದಿತು. ಕಾರ್ಖಾನೆಗಳಿಗಂತೂ 1948ರ ಕಾಯ್ದೆಯಲ್ಲೇ, ನಿಂತು ಕೆಲಸ ಮಾಡುವವರಿಗೆ ಸಮಯ ಸಿಕ್ಕಾಗ ಕೂರಲು ಅನುಕೂಲ ಇರಬೇಕು ಅಂತ ಇತ್ತು. "ಇವು ಅಂಗಡಿಗೆ, ಕಾರ್ಖಾನೆಗೆ ಮೇಡಂ, ನಮಗಲ್ಲ. ಆದ್ರೆ ಕಾಲು ಎಲ್ಲರದ್ದೂ ಒಂದೇ ತಾನೇ?" ಅಂದರು.

ಒಂದು ಪತ್ರ ಬರೆದೆವು. ಹದಿನಾಲ್ಕು ಜನ ಸಹಿ ಹಾಕಿದೆವು. ಜಗಳದ ಮಾತು ಒಂದೂ ಇರಲಿಲ್ಲ. ತರಗತಿಗೊಂದು ಎತ್ತರದ ಸ್ಟೂಲ್ ಕೊಡಿ, ಕೂತರೂ ಹಿಂದಿನ ಬೆಂಚು ಕಾಣುತ್ತದೆ, ಬೋರ್ಡಿಗೆ ಬರೆಯುವಾಗ ಎದ್ದೇ ಬರೆಯುತ್ತೇವೆ ಅಂತ ಅಷ್ಟೇ. ಸಹಿ ಹಾಕುವಾಗ ನನ್ನ ಕೈ ನಡುಗಿತು, ಮಗಳ ಫೀಸು ಕಣ್ಣ ಮುಂದೆ ಬಂತು. ಎರಡು ತಿಂಗಳು ಉತ್ತರವೇ ಇಲ್ಲ. ದಸರಾ ರಜೆ ಮುಗಿಸಿ ಬಂದರೆ ಮೊದಲ ಮಹಡಿಯ ಕೋಣೆಗಳಲ್ಲಿ ಸ್ಟೂಲ್ ಬಂದಿದ್ದವು! ಎರಡನೇ ಮಹಡಿಗೆ ಇನ್ನೂ ಬಂದಿಲ್ಲ, ಕೇಳುತ್ತಿದ್ದೇವೆ. ಶಾಲೆಯಲ್ಲಿ ಗುಡಿಸುವ, ಗೇಟು ಕಾಯುವ ಅಕ್ಕಂದಿರಿಗೂ ಕುರ್ಚಿ ಬೇಕು ಅಂತ ಮೊದಲ ಪತ್ರದಲ್ಲಿ ಬರೆಯೋದು ನಮಗೆ ಹೊಳೆದಿರಲಿಲ್ಲ. ಅದನ್ನು ಎರಡನೇ ಪತ್ರದಲ್ಲಿ ಸೇರಿಸಿದೆವು.

ಮನೆಯಲ್ಲೂ ಒಂದು ಸ್ಟೂಲ್ ಬಂತು. ನಾನು ಅದರ ಮೇಲೆ ಕೂತು ಚಪಾತಿ ಲಟ್ಟಿಸುವುದನ್ನು ನೋಡಿ ಅತ್ತೆ, "ಕೂತು ಅಡುಗೆ ಮಾಡ್ತಾರೇನೇ ಯಾರಾದ್ರೂ?" ಅಂದರು. "ನೀವು ಮಾಡ್ತಿರಲಿಲ್ವಾ ಅತ್ತೆ?" ಅಂದೆ. ಅವರು ಸುಮ್ಮನಾದರು. ನಿಜ ಅಲ್ವಾ? ಅವರ ಕಾಲದಲ್ಲಿ ಈಳಿಗೆ ಮಣೆ ಮುಂದೆ ಕೂತೇ ತರಕಾರಿ ಹೆಚ್ಚೋದು, ಕೂತೇ ರುಬ್ಬೋದು, ನೆಲದ ಒಲೆಯ ಮುಂದೆ ಕೂತೇ ರೊಟ್ಟಿ ಬೇಯಿಸೋದು. ಹೊಗೆ ಇತ್ತು, ಸೊಂಟ ನೋವಿತ್ತು, ಅದೇನು ಸುಖವಾಗಿರಲಿಲ್ಲ. ಗ್ಯಾಸು ಬಂತು, ಗ್ರಾನೈಟ್ ಕಟ್ಟೆ ಬಂತು, ಹೊಗೆ ಹೋಯ್ತು. ಅದರ ಜೊತೆಗೆ ಕೂರೋದೂ ಹೋಯ್ತು, ಯಾರೂ ಗಮನಿಸಲಿಲ್ಲ.

ಈಗ ನನ್ನ ಹಿಮ್ಮಡಿ ಮುಕ್ಕಾಲು ಪಾಲು ವಾಸಿ. ಮದುವೆ ಮನೆಯಲ್ಲಿ ಜಾಸ್ತಿ ನಿಂತರೆ ಮಾರನೇ ದಿನ ನೆನಪಿಸುತ್ತದೆ. ಆದರೆ ಗೋಡೆ ಹಿಡಿಯುವುದು ತಪ್ಪಿದೆ. ಸ್ಟೂಲ್ ಮಾತ್ರ ನನಗೆ ಸಿಗುತ್ತಿಲ್ಲ. ಸಂಜೆ ಹೊತ್ತಿಗೆ ಅತ್ತೆ ಅದರ ಮೇಲೆ ಕೂತು ಸೊಪ್ಪು ಬಿಡಿಸುತ್ತಿರುತ್ತಾರೆ. ಇನ್ನೊಂದು ತರಬೇಕು.

ನಿಮ್ಮ ಮನೆಯ ಅಡುಗೆಮನೆಯಲ್ಲಿ ಕೂರೋಕೆ ಏನಾದರೂ ಇದೆಯಾ? ಇವತ್ತು ಒಮ್ಮೆ ಹೋಗಿ ನೋಡಿ. ಇಲ್ಲದಿದ್ದರೆ ಈ ಭಾನುವಾರವೇ ಒಂದು ಸ್ಟೂಲ್ ತನ್ನಿ. ತಂದ ಮೇಲೆ ಅದರ ಮೇಲೆ ಸ್ಟೀಲ್ ಡಬ್ಬಿ ಜೋಡಿಸಿಡಬೇಡಿ, ಕೂತ್ಕೊಳ್ಳಿ.